ಬ್ಯಾಗ್ ಎತ್ತಿಕೊಂಡು ಬೊಲೊನ್ಯಾಗೆ: ದಿಢೀರ್ ಹೊರಟು ಹೊಟ್ಟೆ ತುಂಬಾ ಉಂಡು ಬರುವವರಿಗೆ ಒಂದು ದಾರಿ

ಇಟಲಿಗೆ ಹೋಗುವವರ ಪಟ್ಟಿಯಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್ ಇದ್ದೇ ಇರುತ್ತವೆ. ಬೊಲೊನ್ಯಾ ಮಾತ್ರ ಹೆಚ್ಚಿನವರಿಗೆ ರೈಲು ಬದಲಿಸುವ ಸ್ಟೇಷನ್ ಅಷ್ಟೇ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಇವತ್ತು ರಾತ್ರಿ ತೀರ್ಮಾನ ಮಾಡಿ ನಾಳೆ ಬೆಳಗ್ಗೆ ಹೊರಡಬಹುದಾದ ಊರು ಇಟಲಿಯಲ್ಲಿ ಇದ್ದರೆ ಅದು ಇದೇ. ತಿಂಗಳುಗಟ್ಟಲೆ ಮುಂಚೆ ಟಿಕೆಟ್ ಬುಕ್ ಮಾಡಲೇಬೇಕಾದ ದೊಡ್ಡ ಮ್ಯೂಸಿಯಂ ಇಲ್ಲಿಲ್ಲ. ಹಳೆ ಊರನ್ನು ಈ ತುದಿಯಿಂದ ಆ ತುದಿಗೆ ಆರಾಮಾಗಿ ನಡೆದು ಮುಗಿಸಬಹುದು. ಮಳೆ ಬಂದರೂ ಪರವಾಗಿಲ್ಲ, ಯಾಕೆಂದರೆ ಫುಟ್‌ಪಾತ್‌ಗಳ ಮೇಲೆಲ್ಲ ಕಮಾನು ಕಟ್ಟಿದ ಸೂರು ಇದೆ. ಪೋರ್ತಿಕೊ ಅನ್ನುವ ಈ ಸೂರಿನ ದಾರಿಗಳನ್ನು ಇಡೀ ನಗರದಲ್ಲಿ ಒಟ್ಟು ಸೇರಿಸಿದರೆ ಸುಮಾರು 62 ಕಿಲೋಮೀಟರ್ ಆಗುತ್ತದೆ. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೊಲೊನ್ಯಾದಲ್ಲಿ ಪಕ್ಕಾ ಮಾಡಿಕೊಳ್ಳಬೇಕಾದದ್ದು ಒಂದೇ, ಊಟದ ಹೊತ್ತು. ನೋಡುವ ಜಾಗಗಳನ್ನು ಮೊದಲು ಬರೆದುಕೊಂಡು ನಡುವೆ ಎಲ್ಲೋ ಊಟ ತುರುಕಿದರೆ ಈ ಊರು ಕೈಗೆ ಸಿಗುವುದಿಲ್ಲ. ಊಟವನ್ನು ಮೊದಲು ಇಟ್ಟುಕೊಂಡು ಉಳಿದದ್ದನ್ನು ಅದರ ಸುತ್ತ ಜೋಡಿಸಿ. ಈ ಲೇಖನ ಅದೇ ಕ್ರಮದಲ್ಲಿದೆ.

ಇದು ಯಾರಿಗೆ ಅಂತ ಮೊದಲೇ ಹೇಳಿಬಿಡುತ್ತೇನೆ. ಮ್ಯೂನಿಕ್, ಆಮ್‌ಸ್ಟರ್‌ಡ್ಯಾಮ್, ಮಿಲಾನ್ ಕಡೆ ಓದುತ್ತಿರುವ, ಕೆಲಸ ಮಾಡುತ್ತಿರುವ ನಮ್ಮವರಿಗೆ. ಹಾಗೆಯೇ ಬೆಂಗಳೂರಿನಿಂದ ಇಟಲಿ ಟೂರಿಗೆ ಬಂದು ಕೈಯಲ್ಲಿ ಒಂದೆರಡು ದಿನ ಖಾಲಿ ಉಳಿದವರಿಗೆ. ಊರಲ್ಲೇ ಕೂತು "ನಾಳೆ ಬೊಲೊನ್ಯಾ" ಅನ್ನಲು ಆಗುವುದಿಲ್ಲ, ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಆಗಲೇ ಕೈಯಲ್ಲಿರಬೇಕು.

ಮೊದಲು ಕಾಗದಪತ್ರ

ಷೆಂಗೆನ್ ದೇಶವೊಂದರ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಇಟಲಿಗೆ ಬೇರೆ ವೀಸಾ ಬೇಕಿಲ್ಲ. 180 ದಿನಗಳಲ್ಲಿ 90 ದಿನದವರೆಗೆ ಇರಬಹುದು. ಆದರೆ ಪರ್ಮಿಟ್ ಕಾರ್ಡ್ ಒಂದೇ ಸಾಲದು, ಪಾಸ್‌ಪೋರ್ಟ್ ಕೂಡ ಜೊತೆಗಿರಲಿ. ಹೋಟೆಲಿನವರು ಅದನ್ನು ನೋಡಿ ನೋಂದಾಯಿಸಿಕೊಳ್ಳಲೇಬೇಕು, ಅಲ್ಲಿನ ಕಾನೂನೇ ಹಾಗಿದೆ. ಬ್ರಿಟನ್‌ನಲ್ಲಿ ಇರುವವರಿಗೆ ಅಲ್ಲಿನ ಪರ್ಮಿಟ್ ಇಲ್ಲಿ ನಡೆಯುವುದಿಲ್ಲ, ಷೆಂಗೆನ್ ವೀಸಾ ಬೇಕೇ ಬೇಕು.

ವಿಮಾನದಲ್ಲಿ ಬರುವುದಾದರೆ ಇನ್ನೊಂದು ಮಾತು. ಕೆಲವು ಅಗ್ಗದ ಏರ್‌ಲೈನ್‌ಗಳಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ಪಾಸ್‌ಪೋರ್ಟ್ ಇರುವವರು ಸೆಕ್ಯುರಿಟಿಗೆ ಹೋಗುವ ಮುಂಚೆ ಕೌಂಟರಿನಲ್ಲಿ ದಾಖಲೆ ತೋರಿಸಿ ಬರಬೇಕಾಗುತ್ತದೆ. ಆನ್‌ಲೈನ್ ಚೆಕ್-ಇನ್ ಆಗಿದೆಯಲ್ಲ ಅಂತ ನೇರ ಗೇಟಿಗೆ ಹೋದರೆ ಅಲ್ಲಿಂದ ವಾಪಸ್ ಕಳಿಸುತ್ತಾರೆ. ಅರ್ಧ ಗಂಟೆ ಕೈಯಲ್ಲಿ ಇಟ್ಟುಕೊಂಡೇ ಹೋಗಿ.

ತಾರೀಖು ನೋಡದೆ ರೂಮ್ ಹುಡುಕಬೇಡಿ

ದಿಢೀರ್ ಹೊರಡುವವರ ಜೇಬಿಗೆ ಕತ್ತರಿ ಬೀಳುವುದು ಇಲ್ಲೇ. ಬೊಲೊನ್ಯಾ ದೊಡ್ಡ ವ್ಯಾಪಾರ ಮೇಳಗಳ ಊರು. ಮಾರ್ಚ್‌ನಲ್ಲಿ ಕಾಸ್ಮೊಪ್ರೊಫ್ ಅನ್ನುವ ಸೌಂದರ್ಯ ಸಾಮಗ್ರಿಗಳ ಮೇಳ, ಮಾರ್ಚ್-ಏಪ್ರಿಲ್ ಹೊತ್ತಿಗೆ ಮಕ್ಕಳ ಪುಸ್ತಕ ಮೇಳ, ಸೆಪ್ಟೆಂಬರ್ ಕೊನೆಗೆ ಚೆರ್ಸಾಯೆ ಅನ್ನುವ ಟೈಲ್ಸ್ ಮೇಳ. ಆ ದಿನಗಳಲ್ಲಿ ಸಾಧಾರಣ ರೂಮಿನ ಬಾಡಿಗೆಯೂ ಎಲ್ಲೋ ಹೋಗಿ ಕೂತಿರುತ್ತದೆ. ಆದ್ದರಿಂದ ಮೊದಲು ಬೊಲೊನ್ಯಾಫಿಯೆರೆ, ಅಂದರೆ ಮೇಳದ ಮೈದಾನದವರ ಕ್ಯಾಲೆಂಡರ್ ನೋಡಿ, ಆಮೇಲೆ ಹೋಟೆಲ್ ಆ್ಯಪ್ ತೆಗೆಯಿರಿ. ಮೇಳದ ದಿನಗಳಲ್ಲೇ ಹೋಗಬೇಕು ಅಂತಾದರೆ ಮೊದೆನಾ ಅಥವಾ ಫೆರಾರಾದಲ್ಲಿ ಉಳಿದುಕೊಳ್ಳಿ. ಎರಡೂ ಸುಮಾರು ಅರ್ಧ ಗಂಟೆಯ ರೈಲಿನ ದೂರ, ಎರಡೂ ಚಂದದ ಊರುಗಳು.

ವಾರದ ದಿನವೂ ಮುಖ್ಯ. ಸೋಮವಾರ ಹಲವು ಮ್ಯೂಸಿಯಂಗಳು ಬಾಗಿಲು ಹಾಕಿರುತ್ತವೆ. ಭಾನುವಾರ ಸಂಜೆ ಮನೆಯವರೇ ನಡೆಸುವ ಎಷ್ಟೋ ಊಟದ ಜಾಗಗಳು ತೆರೆದಿರುವುದಿಲ್ಲ. ಆಗಸ್ಟ್ 15ರ ಆಸುಪಾಸಿನ ವಾರಗಳಂತೂ ಬೇಡವೇ ಬೇಡ, ಸೆಕೆಯೂ ಜಾಸ್ತಿ, ಒಳ್ಳೆಯ ಅಡುಗೆಯವರೆಲ್ಲ ರಜೆ ಹಾಕಿ ಸಮುದ್ರದ ಕಡೆ ಹೋಗಿರುತ್ತಾರೆ. ಪೋ ನದಿಯ ಬಯಲಿನ ಸೆಕೆ ಅಂದರೆ ಬೆವರು ಆರದ ಸೆಕೆ. ನನ್ನನ್ನು ಕೇಳಿದರೆ ಅಕ್ಟೋಬರ್‌ನಿಂದ ಡಿಸೆಂಬರ್ ಮಧ್ಯದವರೆಗೆ ಹೋಗಿ. ಚಳಿ, ಮಂಜು ಎಲ್ಲ ಇರುತ್ತದೆ, ಆದರೆ ಈ ಊರಿನ ಅಡುಗೆ ಹುಟ್ಟಿದ್ದೇ ಅಂಥ ಹವೆಗೆ.

ಶುಕ್ರವಾರ ರಾತ್ರಿ ತಲುಪಿ ಭಾನುವಾರ ಸಂಜೆ ಹೊರಡುವುದು ಎಲ್ಲಕ್ಕಿಂತ ಒಳ್ಳೆಯದು. ಅಷ್ಟು ಆಗದಿದ್ದರೆ ಶನಿವಾರ ಬೆಳಗ್ಗೆ ಹತ್ತರೊಳಗೆ ತಲುಪಿ.

ರೈಲು

ಮಿಲಾನಿನಿಂದ ಹೈಸ್ಪೀಡ್ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಫ್ಲಾರೆನ್ಸ್‌ನಿಂದ ನಲವತ್ತು ನಿಮಿಷದೊಳಗೆ, ವೆನಿಸ್‌ನಿಂದ ಒಂದೂವರೆ ಗಂಟೆ, ರೋಮ್‌ನಿಂದ ಎರಡೂಕಾಲು ಗಂಟೆ ಆಸುಪಾಸು. ಫ್ರೆಚ್ಚರೊಸ್ಸಾ ಮತ್ತು ಇತಾಲೊ ಎರಡೂ ಓಡುತ್ತವೆ, ಎರಡರ ಆ್ಯಪ್‌ನಲ್ಲೂ ದರ ನೋಡಿ. ಈ ರೈಲುಗಳ ಟಿಕೆಟ್ ಹೊರಡುವ ಹೊತ್ತು ಹತ್ತಿರ ಬಂದ ಹಾಗೆ ಏರುತ್ತಾ ಹೋಗುತ್ತದೆ.

ಕೊನೆ ಗಳಿಗೆಯಲ್ಲಿ ದರ ಕೈಗೆಟುಕದಿದ್ದರೆ ಪ್ರಾದೇಶಿಕ ರೈಲು ಇದೆ. ರೆಜೊನಾಲೆ ಅನ್ನುವ ಈ ರೈಲುಗಳ ದರ ಯಾವತ್ತು ತೆಗೆದರೂ ಒಂದೇ, ಸೀಟ್ ಬುಕ್ ಮಾಡುವ ಗೊಡವೆ ಇಲ್ಲ. ಮಿಲಾನಿನಿಂದ ಮೂರು ಗಂಟೆ ಹತ್ತಿರ ಹಿಡಿಯುತ್ತದೆ. ಆದರೆ ಒಂದನ್ನು ಮರೆಯಬೇಡಿ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಪುಟ್ಟ ಯಂತ್ರದಲ್ಲಿ ತೂರಿಸಿ ಸೀಲ್ ಹಾಕಿಸಿಕೊಳ್ಳಬೇಕು, ಫೋನಿನ ಟಿಕೆಟ್ ಆದರೆ ಆ್ಯಪ್‌ನಲ್ಲಿ ಚೆಕ್-ಇನ್ ಒತ್ತಬೇಕು. ದುಡ್ಡು ಕೊಟ್ಟ ಟಿಕೆಟ್ ಕೈಯಲ್ಲಿದ್ದರೂ ಇದು ಆಗಿಲ್ಲದಿದ್ದರೆ ದಂಡ ಹಾಕುತ್ತಾರೆ, ಗೊತ್ತಿರಲಿಲ್ಲ ಅಂದರೆ ಕೇಳುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ಮುಷ್ಕರ ಇದೆಯಾ ಅಂತಲೂ ನೋಡಿ. ಇಟಲಿಯಲ್ಲಿ ರೈಲು ಮುಷ್ಕರ ಅಪರೂಪ ಅಲ್ಲ, ಅದರಲ್ಲೂ ಶುಕ್ರವಾರ. ಕೆಲಸದ ದಿನಗಳಲ್ಲಿ ಮುಷ್ಕರ ಇದ್ದರೂ ಬೆಳಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರ ನಡುವೆ ಕೆಲವು ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕು ಅನ್ನುವ ನಿಯಮ ಇದೆ.

ವಿಮಾನ ನಿಲ್ದಾಣಕ್ಕೆ ಬಂದಿಳಿದವರಿಗೆ ಮಾರ್ಕೋನಿ ಎಕ್ಸ್‌ಪ್ರೆಸ್ ಅನ್ನುವ ಮೋನೊರೈಲು ಏಳೆಂಟು ನಿಮಿಷದಲ್ಲಿ ಸೆಂಟ್ರಲ್ ಸ್ಟೇಷನ್ ಮುಟ್ಟಿಸುತ್ತದೆ. ಅಷ್ಟು ಸಣ್ಣ ದೂರಕ್ಕೆ ದರ ಹತ್ತು ಯೂರೋ ದಾಟುತ್ತದೆ. ಮೂರ್ನಾಲ್ಕು ಜನ ಇದ್ದರೆ ಟ್ಯಾಕ್ಸಿ ದರವನ್ನೂ ಒಮ್ಮೆ ಕೇಳಿ ನೋಡಿ.

ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಬಿಟ್ಟುಬಿಡಿ. ಹಳೆ ಊರಿನ ಹೆಚ್ಚಿನ ಭಾಗ ಹೊರಗಿನ ವಾಹನಗಳಿಗೆ ನಿಷಿದ್ಧ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ, ತಿಂಗಳುಗಳ ನಂತರ ದಂಡದ ಕಾಗದ ಮನೆಗೆ ಬರುತ್ತದೆ.

ಸ್ಟೇಷನ್ನಿನಲ್ಲಿ ಇಳಿದ ಮೇಲೆ

ಹೈಸ್ಪೀಡ್ ರೈಲುಗಳು ನೆಲದಡಿಯ ಆಳದ ಪ್ಲಾಟ್‌ಫಾರ್ಮ್‌ಗಳಿಗೆ ಬರುತ್ತವೆ. ಮೇಲೆ ಬರಲು ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಬೇಕು, ಹತ್ತು ನಿಮಿಷ ಹಿಡಿದರೂ ಹಿಡಿಯಿತು. ವಾಪಸ್ ಹೋಗುವಾಗಲೂ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಭಾರದ ಬ್ಯಾಗ್ ಇದ್ದರೆ ಸ್ಟೇಷನ್ನಿನಲ್ಲೇ ದುಡ್ಡು ಕೊಟ್ಟು ಇಡುವ ಜಾಗ ಇದೆ, ಅಲ್ಲಿ ಇಟ್ಟುಬಿಡಿ. ಊರಿನ ದೊಡ್ಡ ಚರ್ಚಿಗೆ ದೊಡ್ಡ ಬ್ಯಾಗ್ ಹೊತ್ತು ಬಂದವರನ್ನು ಒಳಗೆ ಬಿಡುವುದಿಲ್ಲ.

ಹೊರಗೆ ಬಂದ ಕೂಡಲೇ ಮುಂದೆ ಓಡಬೇಡಿ. ಕಟ್ಟಡದ ಮುಖದ ಮೇಲೆ ಒಂದು ಗಡಿಯಾರ ಇದೆ, ಅದರ ಮುಳ್ಳು 10:25ಕ್ಕೆ ನಿಂತಿದೆ. 1980ರ ಆಗಸ್ಟ್ 2ರಂದು, ರಜೆಗೆ ಹೊರಟ ಜನ ತುಂಬಿದ್ದ ಎರಡನೇ ದರ್ಜೆಯ ವೇಟಿಂಗ್ ರೂಮಿನಲ್ಲಿ ಬಾಂಬ್ ಸಿಡಿದ ಹೊತ್ತು ಅದು. 85 ಜನ ಸತ್ತರು, 200ಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಅದೇ ವೇಟಿಂಗ್ ರೂಮಿನ ಗೋಡೆಯಲ್ಲಿ ಸೀಳನ್ನು ಹಾಗೇ ಬಿಟ್ಟು ಗಾಜು ಹಾಕಿದ್ದಾರೆ, ಪಕ್ಕದಲ್ಲಿ ಸತ್ತವರ ಹೆಸರು ಮತ್ತು ವಯಸ್ಸು ಇದೆ. ಅದರಲ್ಲಿ ಪುಟ್ಟ ಮಕ್ಕಳೂ ಇದ್ದಾರೆ. ಒಂದು ನಿಮಿಷ ನಿಂತು ಓದಿ.

ಅಲ್ಲಿಂದ ವಿಯಾ ದೆಲ್ಲ್ ಇಂದಿಪೆಂದೆಂತ್ಸಾ ಅನ್ನುವ ನೇರ ರಸ್ತೆ ಹಿಡಿದರೆ ಇಪ್ಪತ್ತು ನಿಮಿಷದಲ್ಲಿ ಊರಿನ ನಡುಮಧ್ಯದ ಪಿಯಾತ್ಸಾ ಮಜ್ಜೋರೆ ಚೌಕ. ಬಸ್ಸು ಬೇಡ. ಶನಿವಾರ, ಭಾನುವಾರ ನಡುವಿನ ದೊಡ್ಡ ರಸ್ತೆಗಳನ್ನು ವಾಹನಗಳಿಗೆ ಮುಚ್ಚುತ್ತಾರೆ, ಬಸ್ಸುಗಳೂ ಸುತ್ತಿ ಹೋಗುತ್ತವೆ. ಟ್ರಾಮ್ ಹಳಿ ಹಾಕುವ ಕೆಲಸದಿಂದಲೂ ಬಸ್ಸಿನ ದಾರಿಗಳು ಬದಲಾಗುತ್ತಿವೆ, ಹಳೇ ಬ್ಲಾಗ್ ಓದಿ ನಿಲ್ದಾಣ ಹುಡುಕಬೇಡಿ.

ದಾರಿಯಲ್ಲಿ ಯಾವುದಾದರೂ ಬಾರಿಗೆ ನುಗ್ಗಿ ಕಾಫಿ ಕುಡಿಯಿರಿ. ಇಲ್ಲಿ ಬಾರ್ ಅಂದರೆ ಕಾಫಿ ಅಂಗಡಿಯೇ. ಕೌಂಟರಿನ ಮುಂದೆ ನಿಂತು ಕುಡಿದರೆ ಎಸ್ಪ್ರೆಸೊ ಒಂದೂವರೆ ಯೂರೋ ಒಳಗೆ ಮುಗಿಯುತ್ತದೆ, ಕೂತರೆ ರೇಟು ಬೇರೆ. ತಿಂಡಿ ಜಾಸ್ತಿ ಬೇಡ, ಹನ್ನೆರಡೂವರೆಗೆ ದೊಡ್ಡ ಕೆಲಸ ಇದೆ.

ಊಟಕ್ಕೆ ಮುಂಚಿನ ಎರಡು ಗಂಟೆ

ಚೌಕದಲ್ಲಿ ಎದ್ದು ಕಾಣುವುದು ಸಾನ್ ಪೆತ್ರೋನಿಯೊ ಚರ್ಚು. 1390ರಲ್ಲಿ ಕಟ್ಟಲು ಶುರು ಮಾಡಿದ್ದು, ಮುಖಭಾಗ ಇವತ್ತಿಗೂ ಅರ್ಧಕ್ಕೇ ನಿಂತಿದೆ. ಕೆಳಗೆ ಬಿಳಿ-ಗುಲಾಬಿ ಅಮೃತಶಿಲೆ, ಮೇಲೆ ಬರಿ ಇಟ್ಟಿಗೆ. ಒಳಗೆ ಎಡಬದಿಯ ನೆಲದ ಮೇಲೆ ಹಿತ್ತಾಳೆಯ ಒಂದು ಉದ್ದ ಗೆರೆ ಓರೆಯಾಗಿ ಓಡುತ್ತದೆ. 1655ರಲ್ಲಿ ಖಗೋಳ ವಿಜ್ಞಾನಿ ಕಸ್ಸೀನಿ ಹಾಕಿಸಿದ ಮಧ್ಯಾಹ್ನ ರೇಖೆ ಇದು, ಸುಮಾರು 67 ಮೀಟರ್ ಉದ್ದ. ಮೇಲೆ ಚಾವಣಿಯಲ್ಲಿ ಸಣ್ಣ ತೂತು. ಅದರಿಂದ ಇಳಿದ ಬಿಸಿಲು ನೆಲದ ಮೇಲೆ ದುಂಡಗೆ ಬಿದ್ದು ನಿಧಾನಕ್ಕೆ ಸರಿಯುತ್ತಾ ಬಂದು, ಸೂರ್ಯ ನೆತ್ತಿಗೆ ಬಂದ ಗಳಿಗೆಯಲ್ಲಿ ಸರಿಯಾಗಿ ಆ ಗೆರೆಯನ್ನು ದಾಟುತ್ತದೆ. ಚಳಿಗಾಲದಲ್ಲಿ ಹನ್ನೆರಡೂಕಾಲರ ಆಚೀಚೆ ನಿಂತು ನೋಡಬಹುದು. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಇರುವುದರಿಂದ ಒಂದೂಕಾಲರ ಆಚೀಚೆ ಆಗುತ್ತದೆ, ಆ ಹೊತ್ತಿಗೆ ಚರ್ಚಿನ ಬಾಗಿಲು ಹಾಕುವ ಸಮಯ ಆಗಿರಬಹುದು, ಹೊರಗಿನ ಫಲಕ ನೋಡಿಕೊಳ್ಳಿ. ಬಿಸಿಲಿರುವ ದಿನ ಸಿಕ್ಕರೆ ಇದನ್ನು ಬಿಡಬೇಡಿ.

ಪಕ್ಕದಲ್ಲೇ ಸಾಲಾ ಬೋರ್ಸಾ ಅನ್ನುವ ಸಾರ್ವಜನಿಕ ಗ್ರಂಥಾಲಯ. ಟಿಕೆಟ್ ಇಲ್ಲ. ಒಳಗಿನ ಅಂಗಳದ ನೆಲಕ್ಕೆ ಗಾಜು ಹಾಕಿದ್ದಾರೆ, ಕೆಳಗೆ ರೋಮನ್ನರ ಕಾಲದ ಊರಿನ ಅವಶೇಷ ಕಾಣುತ್ತದೆ. ಮಕ್ಕಳು ಅದರ ಮೇಲೆ ಓಡಾಡುತ್ತಿರುತ್ತಾರೆ, ಸುತ್ತಲೂ ವಿದ್ಯಾರ್ಥಿಗಳು ಓದುತ್ತಿರುತ್ತಾರೆ.

ಚರ್ಚಿನ ಹಿಂದೆ ಆರ್ಕಿಜಿನ್ನಾಸಿಯೊ. ಬೊಲೊನ್ಯಾ ವಿಶ್ವವಿದ್ಯಾಲಯ 1088ರಲ್ಲಿ ಶುರುವಾಯಿತು ಅಂತ ಲೆಕ್ಕ, ಯುರೋಪಿನಲ್ಲಿ ಇದಕ್ಕಿಂತ ಹಳೆಯದಿಲ್ಲ. ಈ ಕಟ್ಟಡ 1563ರಿಂದ ಅದರ ಮನೆಯಾಗಿತ್ತು. ಅಂಗಳ ಸುಮ್ನೆ ಹೋಗಿ ನೋಡಬಹುದು, ಗೋಡೆ ಚಾವಣಿ ತುಂಬಾ ಹಳೆ ವಿದ್ಯಾರ್ಥಿಗಳ ಮನೆತನದ ಲಾಂಛನಗಳು. ಮೇಲಿನ ಅಂಗರಚನಾ ರಂಗಮಂದಿರಕ್ಕೆ ಸಣ್ಣ ಟಿಕೆಟ್. ಪೂರಾ ಮರದ ಕೋಣೆ. ನಡುವೆ ಅಮೃತಶಿಲೆಯ ಮೇಜು, ಅದರ ಮೇಲೆ ಹೆಣ ಕೊಯ್ದು ಪಾಠ ಮಾಡುತ್ತಿದ್ದರು. ಮೇಷ್ಟರ ಪೀಠವನ್ನು ಹೊತ್ತು ನಿಂತಿರುವುದು ಚರ್ಮ ಸುಲಿದ ಇಬ್ಬರು ಮನುಷ್ಯರ ಮರದ ವಿಗ್ರಹ. 1944ರ ಬಾಂಬ್ ದಾಳಿಯಲ್ಲಿ ಕೋಣೆ ಪುಡಿಯಾಯಿತು. ಅವಶೇಷದಡಿಯಿಂದ ಸಿಕ್ಕ ತುಂಡುಗಳನ್ನು ಹೆಕ್ಕಿ ಸೇರಿಸಿ ಮತ್ತೆ ನಿಲ್ಲಿಸಿದ್ದಾರೆ.

ಎರಡು ಗೋಪುರಗಳ ವಿಷಯ. 97 ಮೀಟರ್ ಎತ್ತರದ ಅಸಿನೆಲ್ಲಿ ಹತ್ತುವುದು ಹಿಂದೆ ಎಲ್ಲರ ಪಟ್ಟಿಯಲ್ಲೂ ಇತ್ತು. ಪಕ್ಕದ, ವಾಲಿದ ಗರಿಸೆಂದಾದ ಸ್ಥಿತಿ ಕೆಟ್ಟಿದೆ ಅಂತ 2023ರ ಅಕ್ಟೋಬರ್‌ನಲ್ಲಿ ಸುತ್ತಲಿನ ಜಾಗ ಮುಚ್ಚಿದರು, ಅಸಿನೆಲ್ಲಿಗೂ ಪ್ರವೇಶ ನಿಂತಿತು. ದುರಸ್ತಿ ವರ್ಷಗಟ್ಟಲೆಯ ಕೆಲಸ. ಮೇಲಿನಿಂದ ಕೆಂಪು ಹೆಂಚಿನ ಊರು ನೋಡಬೇಕು ಅಂದರೆ ಪಿಯಾತ್ಸಾ ಮಜ್ಜೋರೆಯಲ್ಲೇ ಇರುವ ಪಲಾತ್ಸೊ ದಕ್ಕುರ್ಸಿಯೊದ ಗಡಿಯಾರ ಗೋಪುರ ಹತ್ತಿ.

ಊಟ: ಇಲ್ಲಿ ನಿಧಾನಿಸಿ

ಹನ್ನೆರಡೂವರೆಗೆ ಅಡುಗೆಮನೆ ತೆರೆಯುತ್ತದೆ, ಎರಡೂವರೆಗೆ ಮುಚ್ಚುತ್ತದೆ. ಸಂಜೆ ಏಳೂವರೆ ತನಕ ಒಳ್ಳೆಯ ಕಡೆ ಬಿಸಿ ಊಟ ಸಿಗುವುದಿಲ್ಲ. ಮೂರು ಗಂಟೆಗೆ ಹಸಿದುಕೊಂಡು ಅಲೆದರೆ ಪ್ರವಾಸಿಗರಿಗಾಗಿ ಇಡೀ ದಿನ ತೆರೆದಿರುವ ಅಂಗಡಿಗಳೇ ಗತಿ. ಆದ್ದರಿಂದ ಬುಕಿಂಗ್ ಇಲ್ಲದವರು ಹನ್ನೆರಡೂಕಾಲಿಗೇ ಬಾಗಿಲ ಮುಂದೆ ನಿಂತುಬಿಡಿ. ಶನಿವಾರ ರಾತ್ರಿಯ ಊಟಕ್ಕೆ ಮಾತ್ರ ಅವತ್ತು ಬೆಳಗ್ಗೆಯಾದರೂ ಫೋನ್ ಮಾಡಿ ಜಾಗ ಹಿಡಿದಿಡಿ. ಮಧ್ಯಾಹ್ನ ದೊಡ್ಡ ಊಟ, ರಾತ್ರಿ ಚಿಕ್ಕದು ಅಂತ ಇಟ್ಟುಕೊಂಡರೆ ದಿಢೀರ್ ಬಂದವರಿಗೆ ಎಲ್ಲವೂ ಸುಲಭ.

ಈ ಊರಿನ ಅಡುಗೆಯ ಬೆನ್ನೆಲುಬು ಮೊಟ್ಟೆ ಹಾಕಿ ಕಲಸಿದ ಹಸಿ ಪಾಸ್ತಾ. ನೂರು ಗ್ರಾಂ ಮೈದಾಗೆ ಒಂದು ಮೊಟ್ಟೆ, ನೀರು ಇಲ್ಲ. ಕ್ವಾದ್ರಿಲಾತೆರೊ ಅನ್ನುವ ಹಳೆ ಮಾರುಕಟ್ಟೆ ಓಣಿಗಳಲ್ಲೋ ಸುತ್ತಲಿನ ಬೀದಿಗಳಲ್ಲೋ ಗಾಜಿನ ಹಿಂದೆ ಹೆಂಗಸರು ಪಾಸ್ತಾ ಮಾಡುವುದು ಕಂಡರೆ ಐದು ನಿಮಿಷ ನಿಲ್ಲಿ. ತೋಳುದ್ದದ ಲಟ್ಟಣಿಗೆ. ಅರಿಶಿನ ಬಣ್ಣದ ಹಾಳೆ ಹಲಗೆಯ ಅಂಚು ದಾಟಿ ಕೆಳಗೆ ಜೋತು ಬಿದ್ದಿರುತ್ತದೆ. ಅದನ್ನು ಪುಟ್ಟ ಚೌಕಗಳಾಗಿ ಕತ್ತರಿಸಿ, ಒಂದೊಂದರ ನಡುವೆ ಕಡಲೆಕಾಳಿನಷ್ಟು ಹೂರಣ ಇಟ್ಟು, ತ್ರಿಕೋನಕ್ಕೆ ಮಡಿಸಿ, ಕಿರುಬೆರಳಿಗೆ ಸುತ್ತಿ ಎರಡು ತುದಿ ಒತ್ತಿದರೆ ತೋರ್ತೆಲ್ಲೀನಿ. ಕೈ ನಿಲ್ಲುವುದೇ ಇಲ್ಲ, ಮಾತೂ ನಿಲ್ಲುವುದಿಲ್ಲ.

ಮಾಂಸ ತಿನ್ನುವವರಿಗೆ ದಾರಿ ಸುಲಭ. ಮೊದಲು ತಾಲ್ಯಾತೆಲ್ಲೆ ಅಲ್ ರಗೂ, ಅಂದರೆ ಮಾಂಸದ ಸಾಸ್ ಹಾಕಿದ ಪಟ್ಟಿಯಂಥ ಪಾಸ್ತಾ. ಹೊರದೇಶಗಳಲ್ಲಿ ಬೊಲೊನೀಸ್ ಅಂತ ಸ್ಪಗೆಟಿ ಮೇಲೆ ಸುರಿಯುತ್ತಾರಲ್ಲ, ಅದರ ಮೂಲ ಇದು. ಗೋಮಾಂಸ, ಹಂದಿಯ ಪಂಚೆತ್ತಾ, ಈರುಳ್ಳಿ, ಕ್ಯಾರೆಟ್, ಸೆಲರಿ, ವೈನ್, ಸ್ವಲ್ಪ ಟೊಮ್ಯಾಟೊ ಹಾಕಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದ್ದು. ಇದರ ಪಾಕವನ್ನು 1982ರಲ್ಲಿ ಇಲ್ಲಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿದ್ದಾರೆ. ತಾಲ್ಯಾತೆಲ್ಲೆಯ ಅಗಲವನ್ನೂ 1972ರಲ್ಲೇ ಗೊತ್ತು ಮಾಡಿದ್ದಾರೆ, ಬೆಂದ ಮೇಲೆ 8 ಮಿಲಿಮೀಟರ್. ಆಮೇಲೆ ತೋರ್ತೆಲ್ಲೀನಿ ಇನ್ ಬ್ರೋದೊ, ಅಂದರೆ ತಿಳಿಯಾದ ಮಾಂಸದ ಸಾರಿನಲ್ಲಿ ತೇಲುವ ತೋರ್ತೆಲ್ಲೀನಿ. ಕ್ರೀಮ್ ಹಾಕಿದ್ದು ಕೂಡ ಸಿಗುತ್ತದೆ, ಮೊದಲ ಸಲಕ್ಕೆ ಸಾರಿನದೇ ತಿನ್ನಿ. ಮೊರ್ತದೆಲ್ಲಾ ಅನ್ನುವ ಹಂದಿಮಾಂಸದ ದಪ್ಪ ಸಾಸೇಜ್ ತಿನ್ನಬೇಕಾದರೆ ಅಂಗಡಿಯಲ್ಲಿ ತೆಳ್ಳಗೆ ಹೆಚ್ಚಿಸಿಕೊಂಡು ಬ್ರೆಡ್ಡಿನ ಜೊತೆ. ಇವು ಮೂರರಲ್ಲೂ ಹಂದಿಮಾಂಸ ಇದೆ, ರಗೂನಲ್ಲಿ ದನದ್ದೂ ಇದೆ. ನಿಮ್ಮ ರೂಢಿ ನೋಡಿಕೊಂಡು ಕೇಳಿ.

ಈಗ ಸಸ್ಯಾಹಾರಿಗಳ ಮಾತು. ನಮ್ಮಲ್ಲಿ ಎಷ್ಟೋ ಜನ "ಅಲ್ಲಿ ನಮಗೇನು ಸಿಗುತ್ತದೆ" ಅಂತ ಈ ಊರನ್ನೇ ಬಿಡುತ್ತಾರೆ. ಬಿಡಬೇಡಿ. ಆದರೆ ಎಲ್ಲಿ ಏನಿದೆ ಅಂತ ಗೊತ್ತಿರಬೇಕು, ಯಾಕೆಂದರೆ ನೋಡಲು ಶುದ್ಧ ಸಸ್ಯಾಹಾರದ ಹಾಗೆ ಕಾಣುವ ಕೆಲವು ಪದಾರ್ಥಗಳು ಹಾಗಿಲ್ಲ.

ಕಣ್ಣು ಮುಚ್ಚಿ ಶುರು ಮಾಡಬಹುದಾದದ್ದು ತೋರ್ತೆಲ್ಲೋನಿ. ತೋರ್ತೆಲ್ಲೀನಿ ಅಲ್ಲ, ದೊಡ್ಡದು. ಒಳಗೆ ರಿಕೊತ್ತಾ ಚೀಸ್, ಪಾರ್ಸ್ಲಿ, ಮೇಲೆ ಬೆಣ್ಣೆ ಮತ್ತು ಸೇಜ್ ಎಲೆ. ಕಾಸಿದ ಬೆಣ್ಣೆಯಲ್ಲಿ ಆ ಎಲೆ ಗರಿಗರಿಯಾಗಿ ಘಮ್ ಅನ್ನುತ್ತದೆ. ಚಳಿಗಾಲದಲ್ಲಿ ಕುಂಬಳಕಾಯಿ ಹೂರಣದ್ದೂ ಇರುತ್ತದೆ, ಸ್ವಲ್ಪ ಸಿಹಿ. ತಾಲ್ಯಾತೆಲ್ಲೆಯನ್ನು ಅಣಬೆ ಹಾಕಿ ಮಾಡಿಕೊಡುತ್ತಾರೆ. ಫ್ರಿಜ್ಜೋನೆ ಅಂತ ಒಂದಿದೆ, ರಾಶಿ ಈರುಳ್ಳಿಯನ್ನು ಟೊಮ್ಯಾಟೊ ಜೊತೆ ಗಂಟೆಗಟ್ಟಲೆ ಬೇಯಿಸಿದ್ದು, ನಮ್ಮ ಈರುಳ್ಳಿ ಗೊಜ್ಜಿನ ಖಾರ ಇಲ್ಲದ ನೆಂಟ. ಬ್ರೆಡ್ಡಿಗೆ ಸವರಿ ತಿಂದರೆ ಎದ್ದೇಳಲು ಮನಸ್ಸು ಬರುವುದಿಲ್ಲ. ಆದರೆ ಇದಕ್ಕೆ ಹಳೆ ಪದ್ಧತಿಯಲ್ಲಿ ಹಂದಿಯ ಕೊಬ್ಬು ಹಾಕುತ್ತಾರೆ, ಎಣ್ಣೆಯಲ್ಲಿ ಮಾಡಿದ್ದಾ ಅಂತ ಕೇಳಿಯೇ ತೆಗೆದುಕೊಳ್ಳಿ.

ಆ ಕೊಬ್ಬಿನ ಹೆಸರು ಸ್ತ್ರುತ್ತೊ. ಈ ಒಂದು ಹೆಸರು ಬಾಯಿಪಾಠ ಮಾಡಿ. ಪಿಯಾದೀನಾ ಅನ್ನುವ ರೊಟ್ಟಿಯ ಹಿಟ್ಟಿಗೂ ಅದನ್ನೇ ಹಾಕುತ್ತಾರೆ, ಕ್ರೆಶೆಂತೀನೆ ಅನ್ನುವ ಪೂರಿಯಂಥದ್ದನ್ನು ಎಷ್ಟೋ ಕಡೆ ಅದರಲ್ಲೇ ಕರಿಯುತ್ತಾರೆ. "ಚೆ ಸ್ತ್ರುತ್ತೊ?" ಅಂತ ಕೇಳಿದರೆ ಹೌದು ಅಥವಾ ಇಲ್ಲ ಅಂತ ನೇರ ಹೇಳುತ್ತಾರೆ. ಆಲಿವ್ ಎಣ್ಣೆಯ ಪಿಯಾದೀನಾ ಕೂಡ ಸಾಕಷ್ಟು ಕಡೆ ಇದೆ. ಹಸಿರು ಬಣ್ಣದ ಬಲಾಂತ್ಸೋನಿ ಅನ್ನುವ ಪಾಸ್ತಾ ನೋಡಿ ಪಾಲಕ್ ಅಂತ ಖುಷಿಪಡಬೇಡಿ, ಪಾಲಕ್ ಇದ್ದರೂ ಒಳಗಿನ ಹೂರಣದಲ್ಲಿ ಮೊರ್ತದೆಲ್ಲಾ ಇರುತ್ತದೆ. ಪಸ್ಸಾತೆಲ್ಲಿ ಅನ್ನುವ ಪಾಸ್ತಾ ಬ್ರೆಡ್ ಪುಡಿ, ಚೀಸ್, ಮೊಟ್ಟೆಯದು, ಆದರೆ ಬರುವುದು ಮಾಂಸದ ಸಾರಿನಲ್ಲಿ. ತ್ಸುಪ್ಪಾ ಇಂಗ್ಲೇಸೆ ಅನ್ನುವ ಕೆಂಪು ಸಿಹಿತಿನಿಸಿನಲ್ಲಿ ಆಲ್ಕೆರ್ಮೆಸ್ ಅನ್ನುವ ಮದ್ಯ ಇರುತ್ತದೆ.

ಇನ್ನು ಪಾರ್ಮಿಜಾನೊ ರೆಜ್ಜಾನೊ ಚೀಸ್. ಇದನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಆ ಹೆಸರಿನಲ್ಲಿ ಮಾರುವ ಚೀಸಿಗೆ ಇದು ಕಡ್ಡಾಯ ನಿಯಮ, ಬೇರೆ ದಾರಿ ಇಲ್ಲ. ಬೊಲೊನ್ಯಾದಲ್ಲಿ ಎಲ್ಲದರ ಮೇಲೂ ಅದನ್ನು ಉದುರಿಸುತ್ತಾರೆ, ಹೂರಣದ ಒಳಗೂ ಇರುತ್ತದೆ. ಎಲ್ಲಿಯವರೆಗೆ ಒಪ್ಪುತ್ತೀರಿ ಅನ್ನುವುದು ನಿಮಗೆ ಬಿಟ್ಟದ್ದು, ಗೊತ್ತಿದ್ದು ತೀರ್ಮಾನ ಮಾಡಿ ಅಂತಷ್ಟೇ ಹೇಳುತ್ತಿದ್ದೇನೆ. ಮೊಟ್ಟೆ, ಚೀಸ್ ಎರಡೂ ಬೇಡ ಅನ್ನುವವರು ಒಣ ಪಾಸ್ತಾವನ್ನು ಟೊಮ್ಯಾಟೊ ಸಾಸಿನಲ್ಲಿ ಕೇಳಿ, ಇಲ್ಲವೇ ಮರಿನಾರಾ ಪಿಜ್ಜಾ ತೆಗೆದುಕೊಳ್ಳಿ. ಅದರಲ್ಲಿ ಟೊಮ್ಯಾಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಬಿಟ್ಟು ಬೇರೇನಿಲ್ಲ.

ಹೇಳುವ ರೀತಿ ಹೀಗೆ. ಗಂಡಸರಾದರೆ "ಸೋನೊ ವೆಜೆತಾರಿಯಾನೊ", ಹೆಂಗಸರಾದರೆ "ಸೋನೊ ವೆಜೆತಾರಿಯಾನಾ". ಅಲ್ಲಿಗೆ ನಿಲ್ಲಿಸಬೇಡಿ. "ಸೆಂತ್ಸಾ ಕಾರ್ನೆ, ಸೆಂತ್ಸಾ ಪ್ರೊಶುತ್ತೊ, ಸೆಂತ್ಸಾ ಪೆಶೆ" ಅಂತ ಮಾಂಸ, ಹ್ಯಾಮ್, ಮೀನು ಮೂರನ್ನೂ ಬೇರೆ ಬೇರೆಯಾಗಿ ಹೇಳಿ. ಮಾಂಸ ಬೇಡ ಅಂದರೂ ಹ್ಯಾಮಿನ ಚೂರು ಬರುವುದುಂಟು. ಮೊಟ್ಟೆ ಬೇಡವಾದರೆ "ಸೆಂತ್ಸಾ ವೋವಾ". ನಗುಮುಖದಿಂದ ನಿಧಾನಕ್ಕೆ ಹೇಳಿದರೆ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬಂದು ಹೇಳುವವರೇ ಜಾಸ್ತಿ.

ಬಿಲ್ಲಿನಲ್ಲಿ ಕೋಪೆರ್ತೊ ಅಂತ ತಲೆಗೆ ಎರಡು ಮೂರು ಯೂರೋ ಸೇರಿರುತ್ತದೆ. ಮೋಸ ಅಲ್ಲ, ಬ್ರೆಡ್ಡು-ಮೇಜಿನ ಲೆಕ್ಕ. ಅದರ ಮೇಲೆ ಟಿಪ್ಸ್ ಕೊಡಲೇಬೇಕು ಅಂತಿಲ್ಲ. ಬಿಲ್ಲು ತಾನಾಗಿ ಬರುವುದಿಲ್ಲ, "ಇಲ್ ಕೋಂತೊ, ಪೆರ್ ಫವೋರೆ" ಅಂತ ಕೇಳಬೇಕು.

ಕೂತು ಉಣ್ಣುವ ಖರ್ಚು ಬೇಡ ಅನ್ನುವವರಿಗೆ ಒಂದು ಒಳ್ಳೆಯ ಉಪಾಯ ಇದೆ. ಕ್ವಾದ್ರಿಲಾತೆರೊದ ವಿಕೊಲೊ ರನೊಕ್ಕಿ ಅನ್ನುವ ಸಂದಿಯಲ್ಲಿ ಒಸ್ತೇರಿಯಾ ದೆಲ್ ಸೋಲೆ ಇದೆ, 1465ರಿಂದ ಇರುವ ಜಾಗ. ಅಲ್ಲಿ ಕುಡಿಯಲು ಮಾತ್ರ ಕೊಡುತ್ತಾರೆ, ಊಟ ನೀವೇ ತರಬೇಕು. ಪಕ್ಕದ ವಿಯಾ ಪೆಸ್ಕೆರಿಯೆ ವೆಕ್ಕಿಯೆಯಲ್ಲಿ ಬ್ರೆಡ್ಡು, ಚೀಸು, ಹಣ್ಣು, ಆಲಿವ್ ಕಟ್ಟಿಸಿಕೊಂಡು ಹೋಗಿ ಉದ್ದ ಮೇಜಿನಲ್ಲಿ ಅಪರಿಚಿತರ ಪಕ್ಕ ಕೂತು ತಿನ್ನಿ. ಕಾಗದ ಬಿಚ್ಚಿ ಹರಡಿಕೊಂಡ ಅಜ್ಜಂದಿರು, ವಿದ್ಯಾರ್ಥಿಗಳು ಎಲ್ಲ ಒಂದೇ ಬೆಂಚಿನಲ್ಲಿ ಇರುತ್ತಾರೆ.

ಉಂಡ ಮೇಲೆ ನಡೆಯಿರಿ

ಪೂರ್ವಕ್ಕೆ ಸ್ತ್ರಾದಾ ಮಜ್ಜೋರೆ ಹಿಡಿದು ಹೋದರೆ ಕಾಜಾ ಇಸೊಲಾನಿ ಸಿಗುತ್ತದೆ. 13ನೇ ಶತಮಾನದ ಮನೆ, ಸೂರನ್ನು ಹೊತ್ತಿರುವುದು ಸುಮಾರು ಒಂಬತ್ತು ಮೀಟರ್ ಎತ್ತರದ ಮರದ ಕಂಬಗಳು. ಊರಿಗೆ ವಿದ್ಯಾರ್ಥಿಗಳು, ವ್ಯಾಪಾರಿಗಳು ತುಂಬಿಕೊಂಡ ಕಾಲದಲ್ಲಿ ಜನ ಮೇಲಂತಸ್ತನ್ನು ಬೀದಿಯ ಕಡೆಗೆ ಚಾಚಿ ಕೋಣೆ ಕಟ್ಟಿಕೊಂಡರು, ಅದಕ್ಕೆ ಕೆಳಗಿನಿಂದ ಕಂಬ ಕೊಟ್ಟರು. ಬೇರೆ ಊರುಗಳು ಇಂಥದ್ದನ್ನು ಕೆಡವಿಸಿದವು. ಬೊಲೊನ್ಯಾ 1288ರಲ್ಲಿ ಹೊಸ ಮನೆಗೆಲ್ಲ ಪೋರ್ತಿಕೊ ಇರಲೇಬೇಕು ಅಂತ ಕಾನೂನು ಮಾಡಿತು, ಕುದುರೆ ಮೇಲೆ ಕೂತವನ ತಲೆ ತಾಗದಷ್ಟು ಎತ್ತರವೂ ಇರಬೇಕು ಅಂದಿತು. ಜಾಗ ಮನೆಯವರದ್ದು, ನಡೆಯುವ ಹಕ್ಕು ಎಲ್ಲರದ್ದು. ನನಗೆ ಈ ಊರಿನ ಮೇಲೆ ಇಷ್ಟು ಪ್ರೀತಿ ಇರುವುದಕ್ಕೆ ಊಟದಷ್ಟೇ ಈ ಕಾನೂನೂ ಕಾರಣ. ಇಸೊಲಾನಿಯ ಒಳದಾರಿ ಹಿಡಿದರೆ ಸಾಂತೊ ಸ್ತೆಫಾನೊ ಚೌಕಕ್ಕೆ ಬರುತ್ತೀರಿ, ಒಂದಕ್ಕೊಂದು ಅಂಟಿಕೊಂಡ ಹಳೆಯ ಚರ್ಚುಗಳ ಗುಂಪು ಅಲ್ಲಿದೆ.

ವಿಯಾ ಪಿಯೆಲ್ಲಾ ಬೀದಿಯ ಗೋಡೆಯಲ್ಲಿರುವ ಪುಟ್ಟ ಕಿಟಕಿಯಿಂದ ಕಾಲುವೆ ನೋಡಲು ಉದ್ದ ಕ್ಯೂ ಇರುತ್ತದೆ. ಕ್ಯೂ ಇಲ್ಲದಿದ್ದರೆ ನೋಡಿ, ಇದ್ದರೆ ಬಿಡಿ.

ಭಾನುವಾರ ಬೆಳಗ್ಗೆ ಸಾನ್ ಲೂಕಾ

ಪೋರ್ತಾ ಸರಗೋತ್ಸಾ ಅನ್ನುವ ಹಳೆ ಊರಬಾಗಿಲಿನಿಂದ ಬೆಟ್ಟದ ಮೇಲಿನ ಸಾನ್ ಲೂಕಾ ಚರ್ಚಿನವರೆಗೂ ಸೂರಿನ ದಾರಿ ಇದೆ, ಸುಮಾರು ಮೂರು ಮುಕ್ಕಾಲು ಕಿಲೋಮೀಟರ್, 666 ಕಮಾನು ಅಂತ ಲೆಕ್ಕ ಹೇಳುತ್ತಾರೆ. ಮೇರಿಯ ಚಿತ್ರಪಟವನ್ನು ಪ್ರತಿ ವರ್ಷ ಮೆರವಣಿಗೆಯಲ್ಲಿ ಊರಿಗೆ ಇಳಿಸಿ ತರುತ್ತಾರೆ, ಆ ಮೆರವಣಿಗೆ ಮಳೆಯಲ್ಲಿ ನೆನೆಯಬಾರದು ಅಂತ 1674ರಲ್ಲಿ ಇದನ್ನು ಕಟ್ಟಲು ಶುರು ಮಾಡಿದರು. ಮೊದಲರ್ಧ ಸಮತಟ್ಟು. ಮೆಲೊಂಚೆಲ್ಲೊ ಕಮಾನಿನ ನಂತರ ಏರು, ಮೆಟ್ಟಿಲು. ಬೆಳಗ್ಗೆ ಎಂಟರ ಹೊತ್ತಿಗೆ ಹೊರಟರೆ ಓಡುವವರು, ಜಪಮಾಲೆ ಹಿಡಿದು ಹತ್ತುವ ಅಜ್ಜಿಯರು ಜೊತೆಗಿರುತ್ತಾರೆ. ಒಂದು ಗಂಟೆ ಸಾಕು. ಮಂಡಿ ನೋವಿನವರು ಪಿಯಾತ್ಸಾ ಮಜ್ಜೋರೆಯಿಂದ ಹೊರಡುವ ಪುಟ್ಟ ಪ್ರವಾಸಿ ರೈಲುಬಂಡಿಯಲ್ಲಿ ಹೋಗಬಹುದು. ನುಣುಪು ಅಡಿಯ ಚಪ್ಪಲಿ ಬೇಡ, ಸೂರಿನಡಿಯ ನೆಲ ಎಷ್ಟೋ ಕಡೆ ಪಾಲಿಶ್ ಮಾಡಿದ್ದು, ಒದ್ದೆಯಾದರೆ ಜಾರುತ್ತದೆ.

ಇಳಿದು ಬಂದ ಮೇಲೆ ಅರ್ಧ ದಿನ ಉಳಿದಿದ್ದರೆ ಮೊದೆನಾಗೆ ಹೋಗಬೇಕಾ, ರವೆನ್ನಾಗೆ ಹೋಗಬೇಕಾ ಅಂತ ಕೇಳುವವರಿದ್ದಾರೆ. ರವೆನ್ನಾದ ಮೊಸಾಯಿಕ್ ಅದ್ಭುತ, ಆದರೆ ಹೋಗಲಿಕ್ಕೇ ಒಂದು ಗಂಟೆಗೂ ಜಾಸ್ತಿ ಬೇಕು, ಅದಕ್ಕೆ ಬೇರೆ ದಿನ ಇಡಿ. ಎರಡೇ ದಿನ ಇದ್ದರೆ ಬೊಲೊನ್ಯಾದಲ್ಲೇ ಇನ್ನೊಂದು ಊಟ ಮಾಡಿ ಅನ್ನುವುದು ನನ್ನ ಮಾತು.

ಕಟ್ಟಿಸಿಕೊಂಡು ಬರುವುದು

ಪಾರ್ಮಿಜಾನೊ ಕೊಳ್ಳುವುದಾದರೆ ಶನಿವಾರವೇ ಕೊಳ್ಳಿ, ಭಾನುವಾರ ಕೆಲವು ಅಂಗಡಿಗಳು ಇರುವುದಿಲ್ಲ. ಕನಿಷ್ಠ 12 ತಿಂಗಳು ಮಾಗಿದ್ದು ಇರುತ್ತದೆ, ತಿನ್ನಲು 24 ತಿಂಗಳದ್ದು ಚೆನ್ನ, 36ರದ್ದು ಇನ್ನೂ ಹರಳುಹರಳು. ಮೊದಲು ಒಂದು ಚೂರು ರುಚಿ ನೋಡಲು ಕೊಡುತ್ತಾರೆ, ಕೇಳಿ. "ಸೊತ್ತೊವೊತೊ" ಅಂದರೆ ಗಾಳಿ ತೆಗೆದು ಪ್ಯಾಕ್ ಮಾಡಿಕೊಡುತ್ತಾರೆ. ಈ ಚೀಸಿನ ಹಾಲು ಬರುವ ಕೊಟ್ಟಿಗೆಗಳಲ್ಲಿ ಪಂಜಾಬಿನಿಂದ ಬಂದ ಸಿಖ್ಖರು ದಶಕಗಳಿಂದ ದುಡಿಯುತ್ತಿದ್ದಾರೆ, ರೆಜ್ಜೊ ಎಮಿಲಿಯಾ ಹತ್ತಿರದ ನೊವೆಲ್ಲಾರಾದಲ್ಲಿ ಅವರ ದೊಡ್ಡ ಗುರುದ್ವಾರವೇ ಇದೆ.

ಹಸಿ ಪಾಸ್ತಾ ಒಂದೆರಡು ದಿನಕ್ಕಿಂತ ಇಡಬೇಡಿ. ಬಾಲ್ಸಾಮಿಕ್ ವಿನಿಗರ್ ಬಾಟಲಿ ವಿಮಾನದಲ್ಲಿ ಕೈಬ್ಯಾಗಿಗೆ ಹಾಕಬೇಡಿ, 100 ಮಿಲಿ ದಾಟಿದರೆ ಎಷ್ಟೋ ವಿಮಾನ ನಿಲ್ದಾಣಗಳ ಸೆಕ್ಯುರಿಟಿಯಲ್ಲಿ ತೆಗೆದಿಡುತ್ತಾರೆ. ಬ್ರಿಟನ್‌ಗೆ ವಾಪಸ್ ಹೋಗುವವರು ಇನ್ನೊಂದು ನೋಡಿಕೊಳ್ಳಬೇಕು. ಯುರೋಪಿಯನ್ ಒಕ್ಕೂಟದಿಂದ ಮಾಂಸ, ಹಾಲಿನ ಪದಾರ್ಥ ತರುವುದನ್ನು 2025ರ ಏಪ್ರಿಲ್‌ನಲ್ಲಿ ಅಲ್ಲಿ ನಿಷೇಧಿಸಿದರು, ಚೀಸಿಗೂ ಅದು ಅನ್ವಯಿಸುತ್ತದೆ. ಈಗಿನ ನಿಯಮ ಏನಿದೆ ಅಂತ ಕೊಳ್ಳುವ ಮುಂಚೆಯೇ ಸರ್ಕಾರದ ಪುಟದಲ್ಲಿ ಓದಿ.

ಹೈಸ್ಪೀಡ್ ರೈಲಿಗೆ ಅರ್ಧ ಗಂಟೆ ಮುಂಚೆ ಸ್ಟೇಷನ್ ಸೇರಿ, ಬ್ಯಾಗ್ ಬಿಡಿಸಿಕೊಂಡು ಕೆಳಗೆ ಇಳಿಯಲು ಅಷ್ಟು ಬೇಕು. ಊರಿನ ಪ್ರವಾಸಿ ತೆರಿಗೆಯನ್ನು ರೂಮ್ ಬಾಡಿಗೆಯ ಜೊತೆ ಕಟ್ಟಿದ್ದೀರಾ ಅಂತಲೂ ಹೋಟೆಲ್ ಬಿಡುವ ಮುಂಚೆ ಕೇಳಿ, ಕೆಲವರು ಅದನ್ನು ಬೇರೆಯಾಗಿ ನಗದಿನಲ್ಲೇ ಕೇಳುತ್ತಾರೆ.